ಮೂರು ಹನಿ ಬದರೀನಾರಾಯಣರು
೨೦೦೯ರಲ್ಲಿ, ಬಸವನಗುಡಿಯ ಕಣ್ಣಿನ ಆಸ್ಪತ್ರೆಯಲ್ಲಿ ನಾನು ನರ್ಸಾಗಿ ಸೇರಿದ ಮೊದಲ ಸೋಮವಾರ, ಬದರೀನಾರಾಯಣರು ಬಲಗಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಬಂದರು. ಕೈಯಲ್ಲಿ ಆಂಟಿಬಯಾಟಿಕ್ ಹನಿಗಳ ನಾಲ್ಕು ಬಾಟಲಿಗಳಿದ್ದವು. "ಹೋದ ತಿಂಗಳು ನಿಮ್ಮ ಡಾಕ್ಟ್ರೇ ಮೂರು ದಿನ ಮುಂಚೆಯಿಂದ ಹಾಕಿ ಅಂದ್ರು, ಈಗ ಬೇಡ್ವೇ ಬೇಡ ಅಂತಾರೆ. ಯಾವುದನ್ನ ನಂಬ್ಲಮ್ಮ?" ಇಂಜೆಕ್ಷನ್‌ಗೆ ಮೊದಲು ನಾವು ಹಾಕುವ ಅಯೋಡಿನ್ನೇ ಸೋಂಕು ತಡೆಯುತ್ತದೆ, ಸುಮ್ಮನೆ ಹನಿ ಹಾಕುತ್ತಿದ್ದರೆ ಕ್ರಿಮಿಗಳು ಪಳಗಿ ಮುಂದೆ ಔಷಧಿಗೆ ಬಗ್ಗುವುದಿಲ್ಲ ಎಂದು ಕಲಿತದ್ದನ್ನು ಒಪ್ಪಿಸಿದೆ. ಆದರೆ ಅವರ ಹೋದ ತಿಂಗಳ ಚೀಟಿಯಲ್ಲಿ ಹನಿ ಹಾಕಿ ಎಂದೇ ಬರೆದದ್ದು ನೋಡಿ ನನಗೂ ಗೊಂದಲವಾಯಿತು. ಬೇಡವೆಂದರೂ ಕೇಳದೆ, ಪ್ರತಿ ತಿಂಗಳೂ ಇಂಜೆಕ್ಷನ್‌ಗೆ ಬಂದಾಗ ಅವರು ಬೆಂಚಿನ ಮೇಲೆ ಕೂತು, ಆ ಚೀಟಿಯಲ್ಲಿ ಒಂದು ಹನಿ ಎಂದು ಬರೆದಿದ್ದರೂ ತೀರ್ಥದಂತೆ ಮೂರು ಸಲ ಹಾಕಿಕೊಂಡು, ಬಾಟಲಿಯ ಮೂತಿಯನ್ನು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. "ಅಯ್ಯೋ, ಒರೆಸಬೇಡಿ ಸರ್!" ಎಂದರೆ, "ಮಡಿಪಂಚೆ ಕಣಮ್ಮ, ನಿಮ್ಮ ಹತ್ತಿಗಿಂತ ಶುದ್ಧ" ಎನ್ನುತ್ತಿದ್ದರು. ಅವರ ಎಡಗಣ್ಣು ಮೊದಲೇ ಕುರುಡಾಗಿತ್ತು; ಒಮ್ಮೆ ಅದಕ್ಕೂ ಹಾಕಿಕೊಂಡಾಗ ಯಾಕೆಂದು ಕೇಳಿದೆ. "ಹತ್ತು ವರ್ಷದ ಹಿಂದೆ ಪೊರೆ ಆಪರೇಷನ್ ಆದ್ಮೇಲೆ ಇದರಲ್ಲಿ ಕೀವಾಯ್ತು. ಆಗ ಒಂದಿನ ಹನಿ ಹಾಕೋದು ಮರ್ತಿದ್ದೆ" ಎಂದರು. ಮರೆತದ್ದಕ್ಕೇ ಆ ಕಣ್ಣು ಹೋಯಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಅವರು ಡಾಕ್ಟರ ಮಾತಿಗೆ ಒಪ್ಪಿ ಬಲಗಣ್ಣಿಗೆ ಏನೂ ಹಾಕುವುದಿಲ್ಲ. ಎಡಗಣ್ಣಿಗೆ ದಿನಾ ಮೂರು ಹನಿ ಹಾಕುತ್ತಾರೆ.