ಬಂಗಾರದ ಹಲ್ಲು ಕಟ್ಟಿಸಿಕೊಂಡ ರೇಡಿಯೋ

ಕೆಡದೇ ಇರುವ ಯಂತ್ರವನ್ನು ಮನುಷ್ಯ ಯಾಕೆ ಬಿಚ್ಚುತ್ತಾನೆ? ಕ್ಲಿನಿಕ್ಕಿನ ರಕ್ತಪರೀಕ್ಷೆಯ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದು, ಪುರಾವೆ ಇಲ್ಲದ ಯಾವ ಮಾತನ್ನೂ ಒಪ್ಪದ ಒಬ್ಬ ಹೆಂಗಸಿಗೆ ಈ ಪ್ರಶ್ನೆ ಪ್ರತಿ ಭಾನುವಾರ ಎದುರಾಗುತ್ತಿತ್ತು. ಅವಳ ಅಕ್ಕನ ಗಂಡ, ಅಂದರೆ ಅವಳ ಭಾವ, ತಿಂಡಿ ಮುಗಿಸಿದ್ದೇ ತಡ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಚೆನ್ನಾಗಿಯೇ ಮಾತಾಡುತ್ತಿದ್ದ, ವಾಕಿಟಾಕಿಯಂಥ ತಮ್ಮ ಕೈರೇಡಿಯೋವನ್ನು ಬಿಚ್ಚಿ ಹರವಿಕೊಂಡು ಕೂರುತ್ತಿದ್ದರು. ಅವಳಿಗೆ ಉತ್ತರ ಹೊಳೆಯಲಿಲ್ಲ. ಈ ಬರಹಕ್ಕೂ ಹೊಳೆದಿಲ್ಲ.

ಭಾವನ ಕಸುಬು ಹಲ್ಲಿನ ಸೆಟ್ ಮಾಡುವುದು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮನೆಯ ಕೆಳಗಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ, ಪಾಲಿಶ್ ಪುಡಿ ಹಾಕಿ ಉಜ್ಜಿ ಉಜ್ಜಿ ಹೊಳಪು ಬರಿಸಿ ಕೊಡುವರು. ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳ ಸಾಲು. ಹೊಸಬರು ಯಾರಾದರೂ ಒಳಗೆ ಬಂದರೆ, ಊರೆಲ್ಲ ಸೇರಿ ತಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದೆ ಅನ್ನಿಸಬೇಕು. ಆ ಕೆಲಸದ ವಿಚಿತ್ರವೆಂದರೆ, ಅದು ಚೆನ್ನಾಗಿದ್ದಷ್ಟೂ ಯಾರ ಕಣ್ಣಿಗೂ ಬೀಳಬಾರದು. ಮದುವೆಮನೆಯಲ್ಲಿ ಯಾರೋ ಮನಸಾರೆ ನಕ್ಕರೆ, ಅದು ತಮ್ಮ ಕೈಯ ನಗುವೆಂದು ಭಾವನಿಗೆ ತಿಳಿಯುತ್ತಿತ್ತು, ಹೇಳಿಕೊಳ್ಳುವ ಹಾಗಿರಲಿಲ್ಲ. ಗುಟ್ಟು ಕಾಯುವುದೂ ಆ ಕಸುಬಿನ ಒಂದು ಭಾಗ.

ಅಂಥವರಿಗೆ ವರ್ಷಕ್ಕೆ ಒಂದೇ ಒಂದು ದಿನ ಊರೇ ಕಿವಿಗೊಡುತ್ತಿತ್ತು. ಅದು ಸೈಕಲ್ ಪಂದ್ಯದ ದಿನ. ಸವಾರರು ಮೈದಾನದಿಂದ ಹೊರಟು, ಕಲ್ಲುಕ್ವಾರಿಯ ಗುಡ್ಡವನ್ನು ಸುತ್ತಿ ಹಿಂತಿರುಗಬೇಕು. ಗುಡ್ಡದ ಆಚೆ ಮೊಬೈಲಿಗೆ ಸಿಗ್ನಲ್ ಇಲ್ಲ. ಆದ್ದರಿಂದ ಹವ್ಯಾಸಿ ರೇಡಿಯೋ ಕ್ಲಬ್ಬಿನ ಒಬ್ಬರು ಗುಡ್ಡದ ನೆತ್ತಿಯಲ್ಲಿ ನಿಂತು, ತಿರುವಿನಲ್ಲಿ ಯಾರು ಮುಂದೆ, ಯಾರು ಬಿದ್ದರು, ಯಾರು ಎದ್ದರು ಎಂದು ಹೇಳುತ್ತಿದ್ದರು. ಆ ದನಿಯನ್ನೇ ಮೈದಾನದ ಧ್ವನಿವರ್ಧಕಕ್ಕೆ ಕೊಡುತ್ತಿದ್ದರು. ಆ ಒಬ್ಬರು ಭಾವ. ಉಳಿದ ದಿನಗಳಲ್ಲಿ ನಾಲ್ಕು ಮಾತಿಗೆ ಒಂದು ಮಾತು ಆಡುವವರು ಅಂದು ಗುಡ್ಡದ ಮೇಲೆ ನಿಂತು ಮೈಮರೆಯುತ್ತಿದ್ದರು.

ಆ ವರ್ಷ ಪಂದ್ಯಕ್ಕೆ ಮುಂಚಿನ ವಾರ, ಕ್ಲಬ್ಬಿನ ಅಭ್ಯಾಸದ ದಿನ, ಭಾವನ ರೇಡಿಯೋ ಅರ್ಧ ವಾಕ್ಯಕ್ಕೇ ಬಾಯಿ ಮುಚ್ಚಿತು. ಮತ್ತೆ ಮಾತಿನ ಗುಂಡಿ ಒತ್ತಿದರು. ನಾಲ್ಕು ಮಾತು ಹೋಯಿತು, ಪರದೆ ಮಂಕಾಯಿತು, ರೇಡಿಯೋ ತಾನೇ ಆರಿ ತಾನೇ ಹೊತ್ತಿಕೊಂಡಿತು. ಮೂರನೆಯ ಸಲವೂ ಅದೇ ಹಾಡು.

ಕ್ಲಬ್ಬಿನ ಕಾರ್ಯದರ್ಶಿಗಳು ಚಪ್ಪಲಿ ಅಂಗಡಿಯ ಮಾಲೀಕರು. ವಯಸ್ಸನ್ನು ಹತ್ತಿರ ಸೇರಿಸದವರು. ಕೂದಲು ಕಾಡಿಗೆಯಂತೆ ಕಪ್ಪು. ಕೈಯಲ್ಲಿ ಬಣ್ಣದ ಪರದೆಯ, ಆಗಷ್ಟೇ ಕೊಂಡ ರೇಡಿಯೋ.

"ಸ್ವಾಮಿ, ಅದಕ್ಕೆ ಪೆನ್ಷನ್ ಕೊಟ್ಟುಬಿಡಿ," ಎಂದರು ಅವರು. "ಹೊಸದು ತಗೊಳ್ಳಿ. ಇಲ್ಲಾಂದ್ರೆ ಶನಿವಾರ ಗುಡ್ಡದಿಂದ ಒಂದು ನಿಮಿಷ ಗುಂಡಿ ಬಿಡದೆ ಮಾತಾಡಿ ತೋರಿಸಿ. ನಡುವೆ ನಿಂತ್ರೆ ಗುಡ್ಡ ಬೇರೆಯವರಿಗೆ. ನೀವು ನೀರು ಕೊಡೋ ಮೇಜಿನ ಹತ್ತಿರ ಇರಿ."

ಹೊಸದನ್ನು ಕೊಳ್ಳುವ ಶಕ್ತಿ ಭಾವನಿಗೆ ಇತ್ತು, ಮನಸ್ಸಿರಲಿಲ್ಲ. ಮನೆಗೆ ಬಂದವರು ಊಟದ ಹೊತ್ತಿನಲ್ಲಿ ಒಮ್ಮೆ ಮಾತ್ರ ಬಾಯಿ ತೆರೆದರು: "ನೀರಿನ ಮೇಜಂತೆ!"

ರಕ್ತಪರೀಕ್ಷೆಯ ಕೋಣೆಯ ಆ ನಾದಿನಿ ಅದೇ ಬೀದಿಯಲ್ಲಿ ಎರಡು ಮನೆ ಆಚೆ ಇದ್ದಳು. ಅವಳಿಗೂ ರೇಡಿಯೋ ಲೈಸೆನ್ಸ್ ಇತ್ತು. ಹಿಂದೊಮ್ಮೆ ಭಾವ "ಆ ಪರೀಕ್ಷೆ ನಿನ್ನ ಕೈಲಾಗೋದಲ್ಲ" ಎಂದು ಕೆಣಕಿದ್ದರಿಂದಲೇ ಅವಳು ಪರೀಕ್ಷೆಗೆ ಕೂತು ಅವರಿಗಿಂತ ಹೆಚ್ಚು ಅಂಕ ತೆಗೆದಿದ್ದಳು. ಮರುದಿನ ಸಂಜೆ ಅವಳು ತನ್ನ ರೇಡಿಯೋ ಹಿಡಿದು ಬಂದಾಗ, ಭಾವ ಬ್ಯಾಟರಿ ಬದಲಾಯಿಸಿ ನೋಡಿ ಆಗಿತ್ತು, ಏರಿಯಲ್ ಕಳಚಿ ತಿರುಗಿಸಿ ಆಗಿತ್ತು, ಮಾತಿನ ಗುಂಡಿಯ ರಬ್ಬರನ್ನೂ ತೊಳೆದು ಆಗಿತ್ತು.

ಇಬ್ಬರೂ ಮೇಜಿನ ಎದುರುಬದುರು ಕೂತು ಪರೀಕ್ಷಿಸಿದರು. ಭಾವ ಗುಂಡಿ ಒತ್ತಿದೊಡನೆ ಎರಡೂ ರೇಡಿಯೋಗಳು ಕುತ್ತಿಗೆ ಹಿಸುಕಿದಂತೆ ಕಿರುಚಿಕೊಂಡವು.

"ನೋಡಿದ್ಯಾ, ನಿಂದೂ ಕೆಟ್ಟಿದೆ," ಎಂದರು ಭಾವ, ಸ್ವಲ್ಪ ಖುಷಿಯಿಂದಲೇ.

"ಮೂಗಿಗೆ ಮೂಗು ತಾಗಿಸಿ ಕಿರುಚಿದ್ರೆ ಯಾರಿಗೆ ತಾನೇ ಕೇಳಿಸುತ್ತೆ ಭಾವ? ದೂರ ಹೋಗಬೇಕು."

ಅಡುಗೆಮನೆಯಿಂದ ಅಕ್ಕನ ದನಿ ಬಂತು: "ಒಂದೇ ಮೇಜಿನ ಮೇಲೆ ಕೂತು ರೇಡಿಯೋದಲ್ಲಿ ಮಾತಾಡ್ತೀರಲ್ಲ, ನಿಮ್ಮಿಬ್ಬರಿಗೂ ಬಾಯಿಲ್ವಾ? ಹಾಗೇ ಮಹಡಿ ಮೇಲೆ ಹೋಗೋರು ಒಣಗಿದ ಬಟ್ಟೆ ತಗೊಂಡು ಬನ್ನಿ."

ನಾದಿನಿ ಮಹಡಿಗೆ ಹೋದಳು. ಭಾವನ ದನಿ ಸ್ಪಷ್ಟವಾಗಿ ಬಂತು, ತುಸು ಹೊತ್ತಿಗೇ ಕತ್ತರಿಸಿತು. ಬಟ್ಟೆಯ ರಾಶಿಯನ್ನು ಹೆಗಲ ಮೇಲೆ ಹೊತ್ತು ಕೆಳಗಿಳಿದವಳು ಕೇಳಿದಳು: "ಬ್ಯಾಟರಿ ಅಳತೆ ಮಾಡಿದ್ರಾ?"

"ಪೂರ್ತಿ ಇದೆ. ಮೀಟರ್ ಹಚ್ಚಿ ನೋಡಿದೆ."

"ಸುಮ್ಮನಿದ್ದಾಗ ನೋಡಿದ್ರಿ. ಮಲಗಿರೋ ರೋಗಿಯ ನಾಡಿ ಹಿಡಿದು, ಇವನು ಮೆಟ್ಟಿಲು ಹತ್ತುತ್ತಾನೆ ಅಂತ ಬರೆದುಕೊಟ್ಟ ಹಾಗಾಯ್ತು. ಮಾತಾಡುವಾಗ ತಾನೇ ಅದು ಸುಸ್ತಾಗೋದು?"

"ಬಂದ್ರಪ್ಪ ಡಾಕ್ಟರಮ್ಮ," ಎಂದು ಭಾವ ಗೊಣಗಿದರು. ಗೊಣಗುತ್ತಲೇ ರೇಡಿಯೋದ ಬೆನ್ನು ಬಿಚ್ಚಿದರು.

ಅವಳ ದಾರಿ ಸರಳವಾಗಿತ್ತು. ಬ್ಯಾಟರಿಯನ್ನು ಅದರ ಗೂಡಿನಿಂದ ಹೊರತೆಗೆದು, ಎರಡು ತಂತಿಗಳಿಂದ ನೇರವಾಗಿ ಒಳಗಿನ ಸರ್ಕ್ಯೂಟ್ ಹಲಗೆಗೆ ಜೋಡಿಸಿದರು. ಭಾವ ಗುಂಡಿ ಒತ್ತಿ, ಎದುರಿಗಿದ್ದ ಪ್ಲಾಸ್ಟರ್ ದವಡೆಗಳ ವಿವರ ಹೇಳುತ್ತ ಹೋದರು. ಮೊದಲ ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ರೇಡಿಯೋ ಒಮ್ಮೆಯೂ ಆರಲಿಲ್ಲ. ತಂತಿ ತೆಗೆದು ಬ್ಯಾಟರಿಯನ್ನು ಗೂಡಿಗೆ ಹಾಕಿದರೆ ಮತ್ತೆ ಅದೇ ಉಸಿರುಕಟ್ಟು. ಅಲ್ಲಿಗೆ ಬ್ಯಾಟರಿಯೂ ನಿರಪರಾಧಿ, ರೇಡಿಯೋವೂ ನಿರಪರಾಧಿ. ಉಳಿದದ್ದು ಅವೆರಡೂ ಒಂದನ್ನೊಂದು ಮುಟ್ಟುವ ಜಾಗ.

ನಾದಿನಿ ಭಾವನ ಭೂತಗನ್ನಡಿಯನ್ನು ಆ ಪುಟ್ಟ ಲೋಹದ ಪಟ್ಟಿಗಳ ಮೇಲೆ ಹಿಡಿದಳು. ಮೇಲಿನ ಹೊಳಪಿನ ಲೇಪ ಒಂದಿಷ್ಟೂ ಉಳಿದಿರಲಿಲ್ಲ. ಒಳಗಿನ ಲೋಹ ಕಪ್ಪಿಟ್ಟಿತ್ತು. ಅಂಚಿನಲ್ಲಿ, ಸಂದಿಯಲ್ಲಿ, ಸ್ಪ್ರಿಂಗಿನ ಬುಡದಲ್ಲಿ ಬಿಳಿಯ ನಯವಾದ ಪುಡಿ ಮೆತ್ತಿ ಕೂತಿತ್ತು. ಆ ಪುಡಿ ಎಲ್ಲಿಯದೆಂದು ಹುಡುಕಬೇಕಾಗಿರಲಿಲ್ಲ; ಅದೇ ಮೇಜಿನ ಮೂಲೆಯಲ್ಲಿ ಅದರ ಬಟ್ಟಲಿತ್ತು.

"ಭಾವ, ಇದನ್ನ ಉಜ್ಜಿದ್ದು ಯಾರು?"

"ನಾನೇ. ಪ್ರತಿ ಭಾನುವಾರ. ಹಲ್ಲಿನ ಥರ ಫಳಫಳ ಅಂತಿರಬೇಕು."

"ಹಲ್ಲಿನ ಪಾಲಿಶ್ ಹಾಕಿ?"

ಭಾವ ಭೂತಗನ್ನಡಿ ಇಸಿದುಕೊಂಡು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಲೇಪವೇ ಸವೆದು ಹೋಗುವಷ್ಟು ಪ್ರೀತಿಯಿಂದ ಅವರು ಆ ಪಟ್ಟಿಗಳನ್ನು ವರ್ಷಗಟ್ಟಲೆ ಉಜ್ಜಿದ್ದರು. ಕೇಳುವಾಗ ರೇಡಿಯೋಗೆ ಬೇಕಾದದ್ದು ತೊಟ್ಟು ವಿದ್ಯುತ್ತು. ಕಪ್ಪಿಟ್ಟ ಪಟ್ಟಿ ಅಷ್ಟನ್ನು ಹೇಗೋ ಬಿಟ್ಟುಕೊಡುತ್ತಿತ್ತು. ಮಾತಾಡಲು ಹೊರಟರೆ ಬೇಕಾದದ್ದು ಧಾರೆ. ಆ ಬಾಗಿಲಲ್ಲಿ ಧಾರೆ ಹಾಯುತ್ತಿರಲಿಲ್ಲ.

"ಅಂದ್ರೆ ನಾನೇ ಕೊಂದೆ," ಎಂದರು ಭಾವ.

"ಕೊಂದಿಲ್ಲ, ಮುದ್ದು ಮಾಡಿ ಹಾಳು ಮಾಡಿದ್ರಿ. ಮುಂದೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಅದೂ ವರ್ಷಕ್ಕೆ ಒಂದೆರಡು ಸಲ. ಸಾಕು."

ಆದರೆ ಸವೆದ ಪಟ್ಟಿಗೆ ಈಗೇನು ಮಾಡುವುದು? ಅಂಥ ಹಳೆಯ ರೇಡಿಯೋದ ಬಿಡಿಭಾಗ ಯಾವ ಅಂಗಡಿಯಲ್ಲೂ ಇರಲಿಲ್ಲ. ಎರಡು ದಿನ ಭಾವ ಮಂಕಾಗಿ ಕೂತರು. ಮೂರನೆಯ ದಿನ ಎದ್ದು ಡ್ರಾಯರಿನಿಂದ ಒಂದು ಸಣ್ಣ ಡಬ್ಬಿ ತೆಗೆದರು. ಹಲ್ಲಿಗೆ ಹಾಕುವ ಬಂಗಾರದ ಟೋಪಿ ಮಾಡುವಾಗ ಉಳಿದ ಚೂರುಗಳು ಅದರಲ್ಲಿದ್ದವು. ಬಂಗಾರ ಕಪ್ಪಿಡುವುದಿಲ್ಲ, ವಿದ್ಯುತ್ತನ್ನು ತಡೆಯುವುದೂ ಇಲ್ಲ. ಉಗುರಿಗಿಂತ ಚಿಕ್ಕದಾದ ಎರಡು ಚೂರುಗಳನ್ನು ಕಾಗದದಷ್ಟು ತೆಳ್ಳಗೆ ಬಡಿದು, ಹಳೆಯ ಪಟ್ಟಿಗಳನ್ನು ಕೆರೆದು, ಅವುಗಳ ಮೇಲೆ ಬೆಸುಗೆ ಹಾಕಿದರು. ಆ ಕೈಗೆ ಅದು ಹೊಸ ಕೆಲಸವೇನೂ ಆಗಿರಲಿಲ್ಲ.

ಅಕ್ಕ ಬಂದು ನೋಡಿದಳು. "ನನ್ನ ಓಲೆ ಬಣ್ಣಗೆಟ್ಟು ಎಷ್ಟು ಕಾಲವಾಯ್ತು, ಕಣ್ಣಿಗೆ ಬಿದ್ದಿಲ್ಲ. ಇದಕ್ಕೆ ಬಂಗಾರದ ಹಲ್ಲು ಕಟ್ಟಿಸಿದ್ರಾ?"

"ನಿನಗೆ ಮಾತು ನಿಲ್ಲೋ ಕಾಯಿಲೆ ಇಲ್ವಲ್ಲೇ," ಎಂದರು ಭಾವ. ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಭಾವನೂ ನಾದಿನಿಯೂ ಗುಡ್ಡ ಹತ್ತಿದರು. ದೂರದ ಮೈದಾನದ ಡೇರೆಯಲ್ಲಿ ಕಾರ್ಯದರ್ಶಿಗಳು ತಮ್ಮ ಹೊಸ ರೇಡಿಯೋ ಹಿಡಿದು ಒಬ್ಬರೇ ಕೂತಿದ್ದರು. ಬೇರೆಯವರು ನಡುವೆ ಬಾಯಿ ಹಾಕದಿರಲೆಂದು ಖಾಲಿಯಿದ್ದ ಒಂದು ಚಾನೆಲ್ ಆರಿಸಿದ್ದರು.

"ಶುರು ಮಾಡಿ," ಎಂದು ಅವರ ದನಿ ಬಂತು. "ಒಂದು ನಿಮಿಷ."

ಭಾವ ಗುಂಡಿ ಒತ್ತಿದರು. ಏನು ಮಾತಾಡಬೇಕೆಂದು ಅವರು ಯೋಚಿಸಿಯೇ ಇರಲಿಲ್ಲ. ಗಾಳಿಯ ದಿಕ್ಕು ಹೇಳಿದರು, ರಸ್ತೆಯ ಗುಂಡಿಗಳನ್ನು ಹೇಳಿದರು. ಅರ್ಧ ನಿಮಿಷಕ್ಕೇ ಸರಕು ತೀರಿತು. ನಿಲ್ಲಿಸುವಂತಿರಲಿಲ್ಲ. ತಮಗೆ ಬಾಯಿಪಾಠವಾಗಿದ್ದ ಒಂದೇ ಒಂದು ವಿಷಯಕ್ಕೆ ಕೈ ಹಾಕಿದರು: "ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ನೀರಿನಲ್ಲಿಡಬೇಕು. ಬಿಸಿನೀರು ಬೇಡ. ಮೆತ್ತನೆಯ ಬ್ರಷ್ ಸಾಕು. ಚೆನ್ನಾಗಿ ನೋಡಿಕೊಂಡ್ರೆ ಎಷ್ಟು ವರ್ಷ ಆದ್ರೂ ಯಾರಿಗೂ ಗೊತ್ತಾಗಲ್ಲ. ಈಗ ನೀವೇ ಇಲ್ವಾ ಕಾರ್ಯದರ್ಶಿಗಳೇ, ನಿಮ್ಮ ಮೇಲಿನ ಸಾಲು ನಾನು ಮಾಡಿಕೊಟ್ಟು ಎಷ್ಟು ಕಾಲವಾಯ್ತು, ಒಬ್ಬರಿಗಾದ್ರೂ..."

ನಾದಿನಿ ಬೆಚ್ಚಿ ಅವರ ಮುಖ ನೋಡಿದಳು. ಭಾವನ ಬಾಯಿ ತೆರೆದೇ ಇತ್ತು. ಹಿತ್ತಲ ಬಾಗಿಲಿಂದ ಬಂದು, ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದು ಕೇಳಿಕೊಂಡು ಮಾಡಿಸಿಕೊಂಡು ಹೋಗಿದ್ದ ಸೆಟ್ ಅದು. ಹೆಂಡತಿಗೂ ಬಿಟ್ಟುಕೊಡದ ಗುಟ್ಟನ್ನು ಭಾವ ಗಾಳಿಯಲ್ಲಿ ಸಾರಿಬಿಟ್ಟಿದ್ದರು, ಅದೂ ತಮಗೆ ಗುಡ್ಡ ಕೊಡಬೇಕಾದವರ ಮುಖಕ್ಕೇ. ಬಂಗಾರದ ಪಟ್ಟಿಗಳು ಒಂದು ಪದವನ್ನೂ ನುಂಗದೆ ಕಳಿಸಿದ್ದವು. ಹೇಗೋ ರಸ್ತೆಯ ಗುಂಡಿಗಳನ್ನೇ ಮತ್ತೊಮ್ಮೆ ಹೇಳಿ ನಿಮಿಷ ತುಂಬಿಸಿ, ಗುಂಡಿಯಿಂದ ಬೆರಳು ತೆಗೆದರು.

ರೇಡಿಯೋ ಸುಮ್ಮನಿತ್ತು.

"ಹೋಯ್ತು," ಎಂದರು ಭಾವ ಮೆಲ್ಲಗೆ. "ನೀರಿನ ಮೇಜೂ ಹೋಯ್ತು."

ಆಮೇಲೆ ಕಾರ್ಯದರ್ಶಿಗಳ ದನಿ ಬಂತು, ಗಂಭೀರವಾಗಿ, ಒಂದಿಷ್ಟೂ ಕೋಪವಿಲ್ಲದೆ: "ಸ್ಪಷ್ಟವಾಗಿದೆ. ಐದಕ್ಕೆ ಐದು. ನಾಳೆ ಗುಡ್ಡದ ಮೇಲೆ ನೀವೇ."

ಭಾವ ಪಕ್ಕದ ಬಂಡೆಯ ಮೇಲೆ ಕೂತುಬಿಟ್ಟರು. ಇಳಿಯುವ ದಾರಿಯುದ್ದಕ್ಕೂ ಒಂದೇ ಮಾತು: "ಎಂಥಾ ದೊಡ್ಡ ಮನಸ್ಸು ನೋಡು!" ಕ್ಷಮೆ ಕೇಳಲೆಂದು ನೇರ ಡೇರೆಗೇ ಹೋದರು. "ಆಗ ನಾನು ಹೇಳಿದ್ದು..." ಎಂದು ಬಾಯಿ ತೆರೆದರೆ, ಕಾರ್ಯದರ್ಶಿಗಳು ತಟಕ್ಕನೆ ಕೈ ಎತ್ತಿ, "ಆ ವಿಷಯ ಬೇಡ, ಇನ್ನೆಂದೂ ಎತ್ತಬೇಡಿ," ಎಂದು ಬೇರೆ ಕಡೆ ನೋಡಿದರು. ಇಂಥ ಸಂಯಮ ಮನುಷ್ಯಮಾತ್ರರಲ್ಲಿ ಇರುತ್ತದೆಯೇ ಎಂದು ನಾದಿನಿಗೆ ಸಂಶಯವಾಯಿತು. ಸಂಶಯಕ್ಕೆ ಪುರಾವೆ ಇರಲಿಲ್ಲವಾದ್ದರಿಂದ ಅವಳು ಸುಮ್ಮನಾದಳು.

ಮರುದಿನ ಭಾವನ ದನಿ ಮೈದಾನ ತುಂಬಿತು. ಮುಂದಿದ್ದವನ ಚೈನ್ ಕಳಚಿದ್ದು, ಅವನು ಸೈಕಲ್ಲನ್ನು ಹೊತ್ತೇ ಓಡಿದ್ದು, ಎಲ್ಲವನ್ನೂ ಅವರು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಜನ ಗುಡ್ಡದ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅಂದಿನಿಂದ ಅವರು ಇರುವವರೆಗೆ ಗುಡ್ಡ ಅವರದೇ ಆಯಿತು. ಕಾರ್ಯದರ್ಶಿಗಳನ್ನು ಯಾರಾದರೂ ಜಂಬದವರು ಎಂದರೆ ಭಾವ ಸಹಿಸುತ್ತಿರಲಿಲ್ಲ, "ನಿಮಗೇನು ಗೊತ್ತು ಅವರ ವಿಷಯ!" ಎಂದು ಜಗಳಕ್ಕೇ ನಿಲ್ಲುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಭಾವ ತಮ್ಮ ಕುರ್ಚಿಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ ಹೋದರು. ಅಕ್ಕನನ್ನು ಮಾತಾಡಿಸಿಕೊಂಡು ಹೋಗಲು ಬಂದ ಕಾರ್ಯದರ್ಶಿಗಳ ತಲೆ ಆ ಹೊತ್ತಿಗೆ ಪೂರಾ ಬೆಳ್ಳಗಾಗಿತ್ತು. ಅವರು ನಾದಿನಿಯನ್ನು ಕೆಳಗಿನ ಕೋಣೆಗೆ ಕರೆದರು.

"ಇದನ್ನ ಅವರಿಗೇ ಹೇಳಬೇಕಿತ್ತಮ್ಮ, ಧೈರ್ಯ ಬರಲಿಲ್ಲ. ಆ ಶನಿವಾರ ಇದೆಯಲ್ಲ, ನನ್ನ ಹೊಸ ರೇಡಿಯೋದಲ್ಲಿ ಯಾವುದೋ ಸೆಟ್ಟಿಂಗ್ ತಪ್ಪಾಗಿತ್ತು. ಸಿಗ್ನಲ್ ಬರ್ತಿದೆ ಅಂತ ತೋರಿಸೋ ಹಸಿರು ದೀಪ ಒಂದು ನಿಮಿಷ ಪೂರ್ತಿ, ಮಿಣುಕದೆ ಉರೀತು. ಅದನ್ನ ನೋಡಿಯೇ ಪಾಸ್ ಮಾಡಿದೆ. 'ಆಗ ನಾನು ಹೇಳಿದ್ದು' ಅಂತ ಅವರು ಬಂದು ಮಾತು ತೆಗೆದಾಗ, ಈ ಗುಟ್ಟು ಬಯಲಾಗಿಬಿಡುತ್ತೆ ಅಂತ ಹೆದರಿ ಬಾಯಿ ಮುಚ್ಚಿಸಿದೆ. ನಿಮ್ಮ ಭಾವ ಅವತ್ತು ಆಡಿದ ಒಂದಕ್ಷರವೂ ನನಗೆ ಕೇಳಿಸಿರಲಿಲ್ಲ."