ಉರ್ದುವಿನಲ್ಲಿ ಒಕ್ಕಲುತನ

ಆಗ ನಿಜಾಮರ ಆಳ್ವಿಕೆ. ಕೊಪ್ಪಳದ ಹೈಸ್ಕೂಲಿನಲ್ಲಿ ನಮಗೆ ಪಾಠ, ಪರೀಕ್ಷೆ, ಬೈಗುಳ ಎಲ್ಲ ಉರ್ದುವಿನಲ್ಲೇ. ಒಂದು ವರ್ಷ ಭಾಷಣ ಸ್ಪರ್ಧೆಯಲ್ಲಿ ನನಗೆ ಮೊದಲ ಇನಾಮು ಬಂತು. ವಿಷಯ, ರೈತನ ಬಾಳು. ಮಾಸ್ತರರು ಬರೆದುಕೊಟ್ಟದ್ದನ್ನು ಗಂಟಲು ಕಟ್ಟುವವರೆಗೆ ಬಾಯಿಪಾಠ ಮಾಡಿದ್ದೆ, ಅಷ್ಟೆ.

ರಜೆಗೆ ತಳಕಲ್ಲಿನ ಹತ್ತಿರದ ನಮ್ಮ ಹಳ್ಳಿಗೆ ಬಂದರೂ ಬಿಡುವು ಸಿಗಲಿಲ್ಲ. ಚಾವಡಿಯಲ್ಲಿ ಹೇಳು ಎಂದರು, ಹೇಳಿದೆ. ಕಿರಾಣಿ ಅಂಗಡಿಯ ಮುಂದೆ ಹೇಳಿದೆ. ಬಸುರಿ ಅಕ್ಕನ ಕುಬಸಕ್ಕೆ ಬಂದ ಹೆಂಗಸರ ಮುಂದೆಯೂ ನಿಲ್ಲಿಸಿ ಹೇಳಿಸಿದರು. ಯಾರಿಗೂ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೂ ಕಣ್ಣರಳಿಸಿ ಕೇಳುತ್ತಿದ್ದರು. ನನಗೋ ಆ ಭಾಷಣ ಹಳಸಿದ ನುಚ್ಚಿನಂತಾಗಿತ್ತು.

ಒಂದು ಸಂಜೆ ಹೊಲದಿಂದ ಬಂದವರೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ದೊಡ್ಡಪ್ಪ ಮತ್ತೆ ಭಾಷಣ ಹೇಳೆಂದ. ಬೇಸತ್ತು, ಈ ಸಲ ಎಲ್ಲವನ್ನೂ ಕನ್ನಡದಲ್ಲೇ ಹೇಳಿಬಿಟ್ಟೆ: ರೈತ ಕೋಳಿ ಕೂಗುವ ಮುಂಚೆ ಏಳುತ್ತಾನೆ, ಬಿಸಿಲಲ್ಲಿ ಬೇಯುತ್ತಾನೆ, ಅವನು ಬೆಳೆದದ್ದನ್ನು ಲೋಕವೆಲ್ಲ ಉಣ್ಣುತ್ತದೆ.

ಅಪ್ಪ ಅಂಗಾಲಿಗೆ ನಟ್ಟ ಮುಳ್ಳು ತೆಗೆಯುತ್ತ ಕೂತಿದ್ದ.

“ಇಷ್ಟ ಏನು?” ಎಂದ ದೊಡ್ಡಪ್ಪ. “ಇದು ನಮಗ ಗೊತ್ತೈತಿ ಬಿಡು. ಉರ್ದುದಾಗ ಹೇಳು ತಮ್ಮಾ, ಅದು ಭಾಳ ಛಲೋ ಐತಿ.”

ಮತ್ತೆ ಎದ್ದು ನಿಂತು ಉರ್ದುವಿನಲ್ಲಿ ಹೇಳಿದೆ. ಮುಳ್ಳನ್ನು ಕಾಲಲ್ಲೇ ಬಿಟ್ಟು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅಪ್ಪ.