‘ಬಿಡು’ ಅಂದವಳು ನಾನು

ಸೋತ ಆಟಕ್ಕೆ ನೆಪ ಹುಡುಕುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಅಂಕಣ ಸರಿಯಿರಲಿಲ್ಲ, ಬಿಸಿಲು ಕಣ್ಣಿಗೆ ಹೊಡೆಯಿತು, ರೆಫ್ರಿ ಅವರ ಕಡೆಯವನು ಎಂದು ಗೊಣಗುವವರ ಬಾಯಿಯನ್ನು ಎಷ್ಟೋ ಸಲ ಬಸ್ಸಿನಲ್ಲೇ ಮುಚ್ಚಿಸಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂಥ ನಾನೇ, ನಮ್ಮ ಕಾಲೇಜಿನ ಹುಡುಗಿಯರು ಗಂಗಾವತಿಯಲ್ಲಿ ವಾಲಿಬಾಲ್ ಫೈನಲ್ ಸೋತು ಬಂದ ಮೇಲೆ, ತಿಂಗಳುಗಟ್ಟಲೆ ಕೇಳಿದವರಿಗೆಲ್ಲ ಬಿಸಿಲಿನ ಕಥೆ ಹೇಳಿಕೊಂಡು ತಿರುಗಿದೆ.

ನಾನು ಬಸ್ ಕಂಡಕ್ಟರ್. ಯಲಬುರ್ಗಾದಿಂದ ಕೊಪ್ಪಳಕ್ಕೆ, ಕೊಪ್ಪಳದಿಂದ ಯಲಬುರ್ಗಾಕ್ಕೆ, ಹನ್ನೊಂದು ವರ್ಷದಿಂದ ಇದೇ ದಾರಿ. ನಮ್ಮ ಕಾಲೇಜು ಎಂದರೆ ಯಲಬುರ್ಗಾದಲ್ಲಿ ನಾನು ಓದಿದ ಕಾಲೇಜು. ಅಲ್ಲಿ ವಾಲಿಬಾಲ್ ಆಡಿದ್ದೆ ಎಂದು ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಹೊರಗೆ ಹೋದ ಚೆಂಡನ್ನು ತಂದುಕೊಟ್ಟದ್ದೇ ಹೆಚ್ಚು. ಎತ್ತರವಿಲ್ಲ, ಜಿಗಿತವಿಲ್ಲ, ಕಣ್ಣು ಮಾತ್ರ ಚುರುಕು. ಚೆಂಡು ನೆಟ್ ದಾಟುವಾಗಲೇ ಅದು ಗೆರೆಯ ಒಳಗೆ ಬೀಳುತ್ತದೋ ಹೊರಗೋ ಹೇಳಿಬಿಡುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ ಸರಿಯಾಗುತ್ತಿತ್ತು. ಆ ಒಂದು ಗುಣಕ್ಕೆ ನನ್ನನ್ನು ತಂಡದ ಜೊತೆ ಊರೂರಿಗೆ ಕರೆದುಕೊಂಡು ಹೋಗುತ್ತಿದ್ದರು.

ಕೆಲಸ ಸಿಕ್ಕಿತು, ಮದುವೆಯಾಯಿತು, ಎರಡು ಮಕ್ಕಳಾದವು. ಮೈದಾನ ಮಾತ್ರ ಬಿಡಲಿಲ್ಲ. ಮೊದಲ ಪಾಳಿ ಮುಗಿಸಿ, ಮನೆಗೆ ಹೋಗಿ ಎರಡು ರೊಟ್ಟಿ ತಿಂದು, ನಾಲ್ಕೂವರೆಗೆ ಕಾಲೇಜಿನ ಮೈದಾನಕ್ಕೆ ಹೋಗಿ ನಿಲ್ಲುತ್ತಿದ್ದೆ. "ಆಟ ಆಡೂದು ಹುಡುಗ್ಯಾರು, ಮೈ ನೋವು ನಿನಗ," ಎಂದು ನನ್ನ ಗಂಡ ನಗುತ್ತಿದ್ದ. ಸೋತ ದಿನ ನಾನು ಮಾಡಿದ ಸಾರಿಗೆ ಉಪ್ಪು ಇರುವುದಿಲ್ಲ ಎಂದು ಅತ್ತೆಯವರ ದೂರು. ಅದು ಸುಳ್ಳಲ್ಲ.

ಕಾಲೇಜಿನ ಆಟದ ಮಾಸ್ತರರು ಮೊದಮೊದಲು ನನ್ನನ್ನು ಕಂಡು ಹುಬ್ಬು ಗಂಟು ಹಾಕಿದರು. ಆಮೇಲೆ ಅವರಿಗೇ ಉಪಯೋಗ ಕಂಡಿತು. ಹನ್ನೊಂದು ವರ್ಷ ಬಸ್ಸಿನಲ್ಲಿ ಒದರಿ ಪಳಗಿದ ದನಿ ನನ್ನದು, ಎಂಥ ಗದ್ದಲದಲ್ಲೂ ಕೇಳುತ್ತದೆ. ಅಂಕಣದ ಹಿಂದಿನ ಗೆರೆಯ ಮೂಲೆಯಲ್ಲಿ ನಿಂತರೆ ಗೆರೆ ಉದ್ದಕ್ಕೂ ಕಾಣುತ್ತದೆ. ಅಲ್ಲಿ ನಿಂತು ಎರಡೇ ಮಾತು ಹೇಳುತ್ತಿದ್ದೆ. ಒಳಗೆ ಬೀಳುವ ಚೆಂಡಿಗೆ ‘ಹಿಡಿ’, ಹೊರಗೆ ಹೋಗುವುದಕ್ಕೆ ‘ಬಿಡು’. ಹಿಂದಿನ ಸಾಲಿನ ಹುಡುಗಿಯರು ತಿರುಗಿ ನೋಡುತ್ತಿರಲಿಲ್ಲ, ಯೋಚಿಸುತ್ತಿರಲಿಲ್ಲ, ದನಿ ಕೇಳಿದ ಕೂಡಲೇ ಹಾಗೆ ಮಾಡುತ್ತಿದ್ದರು. ಅದು ನನಗೆ ಎಂಥ ಸೊಕ್ಕು ತಂದಿತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರಲ್ಲಿ ಒಬ್ಬಳು ತಳಕಲ್ಲಿನ ಹುಡುಗಿ. ಮೂರು ವರ್ಷ ನನ್ನ ಬಸ್ಸಿನಲ್ಲೇ ಕಾಲೇಜಿಗೆ ಬಂದವಳು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ, ನಾನು ಕೇಳುವ ಮೊದಲೇ ಆಧಾರ್ ಕಾರ್ಡು ತೆಗೆದು ಹಿಡಿಯುತ್ತಿದ್ದಳು. ಮಾತು ಕಡಿಮೆ. ಅಂಕಣದಲ್ಲಿ ಹಿಂದಿನ ಸಾಲು ಕಾಯುತ್ತಿದ್ದಳು. ಜಿಗಿದು ಹೊಡೆಯುವವರಿಗೆ ಚಪ್ಪಾಳೆ ಬೀಳುತ್ತದೆ, ನೆಲಕ್ಕೆ ಬಿದ್ದು ಚೆಂಡು ಎತ್ತುವವರನ್ನು ಯಾರೂ ನೋಡುವುದಿಲ್ಲ. ಅವಳ ಮೊಣಕಾಲಿನ ತರಚು ಗಾಯ ಮೂರು ವರ್ಷದಲ್ಲಿ ಒಮ್ಮೆಯೂ ಪೂರ್ತಿ ಒಣಗಿದ್ದನ್ನು ನಾನು ಕಾಣಲಿಲ್ಲ.

ಅವಳ ತಾಯಿ ದಿನಾಲೂ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋಗಿ ಕೂದಲು ಬಿಡಿಸುವ ಕೆಲಸ ಮಾಡುತ್ತಿದ್ದಳು. ಊರೂರಿಂದ ಬರುವ ಕೂದಲಿನ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸಿ, ಉದ್ದ ನೋಡಿ ಬೇರೆ ಮಾಡುವ ಕೆಲಸ. ಆ ಧೂಳಿಗೆ ಕೆಮ್ಮು ಹತ್ತಿತ್ತು. ತಾಯಿ ಮಗಳ ನಡುವೆ ಒಂದು ಮಾತಾಗಿದೆ ಎಂದು ಹುಡುಗಿಯೇ ಒಂದು ದಿನ ಬಸ್ಸಿನಲ್ಲಿ ಹೇಳಿದಳು. "ಯುನಿವರ್ಸಿಟಿ ಟೀಮಿಗೆ ಆರಿಸಿದ್ರ ಮುಂದ ಆಟದ ಮಾಸ್ತರ್ತಿ ಆಗಾಕ ಓದು ಅಂದಾಳ್ರಿ ಅಕ್ಕಾರ. ಆ ಸರ್ಟಿಫಿಕೇಟ್ ಇದ್ರ ಸೀಟು ಸಿಗತೈತಂತ. ಇಲ್ಲಾಂದ್ರ ಪರೀಕ್ಷಿ ಮುಗಿದ ಮ್ಯಾಲ ನನ್ ಜೋಡಿ ಬಾ ಅಂದಾಳ." ತಾಯಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನನಗೂ ಆ ತಾಯಿ ತಪ್ಪು ಹೇಳಿದಳು ಎನ್ನಿಸಲಿಲ್ಲ.

ಆಯ್ಕೆ ಮಾಡುವವರು ಗಂಗಾವತಿಯ ಫೈನಲ್ ನೋಡಲು ಬರುವವರಿದ್ದರು. ಗೆದ್ದ ತಂಡದಿಂದ ನಾಲ್ಕೈದು ಹುಡುಗಿಯರನ್ನು ಆರಿಸುತ್ತಾರೆ, ಸೋತ ತಂಡದಿಂದ ಒಬ್ಬಳನ್ನು ಆರಿಸಿದರೆ ದೊಡ್ಡದು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಒಬ್ಬಳನ್ನೇ ಆರಿಸಿದರೆ ಅವಳು ಎತ್ತರದ ಹೊಡೆತಗಾರ್ತಿಯೇ ಆಗಿರುತ್ತಾಳೆ, ಹಿಂದಿನ ಸಾಲಿನವಳಲ್ಲ. ಆದ್ದರಿಂದ ತಳಕಲ್ಲಿನ ಹುಡುಗಿಗೆ ಗೆಲುವೇ ಬೇಕಿತ್ತು.

ಆ ದಿನ ನನ್ನ ಬದಲು ಬಸ್ಸಿಗೆ ಹೋಗಲು ಜೊತೆಯ ಕಂಡಕ್ಟರ್ ಒಬ್ಬಳನ್ನು, ಆಮೇಲೆ ಅವಳಿಗೆ ಎರಡು ಪಾಳಿ ಮಾಡಿಕೊಡುತ್ತೇನೆಂದು ಒಪ್ಪಿಸಿ, ನಾನು ಹುಡುಗಿಯರ ಜೊತೆ ಕ್ರೂಸರ್ ಜೀಪು ಹತ್ತಿದೆ. ದಾರಿಯುದ್ದಕ್ಕೂ ಅವರು ಹಾಡುತ್ತಿದ್ದರು. ಕೊಪ್ಪಳ ದಾಟಿದ ಮೇಲೆ ಕಾಲುವೆ ನೀರಿನ ಭತ್ತದ ಗದ್ದೆಗಳು ಶುರುವಾದವು. ನಮ್ಮ ಕಡೆಯ ಒಣ ಹೊಲ ನೋಡಿದ ಕಣ್ಣಿಗೆ ಆ ಹಸಿರು ಕಂಡಾಗಲೆಲ್ಲ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಇವತ್ತು ಇವರನ್ನು ಇವರ ನೆಲದಲ್ಲೇ ಸೋಲಿಸಬೇಕು ಎಂದುಕೊಂಡೆ.

ಎದುರಾಳಿಗಳು ಆ ಊರಿನ ಹುಡುಗಿಯರೇ. ಜನ ಕಿಕ್ಕಿರಿದಿದ್ದರು. ನಾನು ಎಂದಿನಂತೆ ಹಿಂದಿನ ಗೆರೆಯ ಮೂಲೆಗೆ ಹೋದರೆ ಅಲ್ಲಿ ಹಗ್ಗ ಕಟ್ಟಿದ್ದರು, ಬಾವುಟ ಹಿಡಿದ ಲೈನ್ ರೆಫ್ರಿ ನಿಂತಿದ್ದ. "ಇಲ್ಲಿ ನಿಲ್ಲಂಗಿಲ್ರಿ ಅಮ್ಮಾರ, ಆ ಕಡಿ ಹೋಗ್ರಿ," ಎಂದ ಒಬ್ಬ ಸ್ವಯಂಸೇವಕ. ನೂಕುನುಗ್ಗಲಿನಲ್ಲಿ ನಾನು ಶಾಮಿಯಾನದ ಕೆಳಗೆ, ನೆಟ್ಟಿನ ನೇರಕ್ಕೆ, ನಾಲ್ಕು ಸಾಲು ಜನರ ಹಿಂದೆ ಬಂದು ನಿಂತೆ. ಅಲ್ಲಿಂದ ನೆಟ್ ಕಾಣುತ್ತಿತ್ತು, ಹುಡುಗಿಯರು ಎದೆಮಟ್ಟದಿಂದ ಮೇಲಕ್ಕೆ ಕಾಣುತ್ತಿದ್ದರು. ಹಿಂದಿನ ಗೆರೆ ಕಾಣುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎರಡು ಸೆಟ್ ಮುಗಿಯುವವರೆಗೆ ಬಾಯಿ ಬಿಗಿಹಿಡಿದು ನಿಂತೆ.

ಮೊದಲ ಸೆಟ್ ಅವರದಾಯಿತು, ಎರಡನೆಯದು ನಮ್ಮದು. ಮೂರನೆಯದು ಹದಿನೈದು ಪಾಯಿಂಟಿನದು. ಸಮಸಮ ನಡೆದು ಅವರು ಹದಿನಾಲ್ಕಕ್ಕೆ ಬಂದರು, ನಾವು ಹದಿಮೂರು. ತಳಕಲ್ಲಿನ ಹುಡುಗಿ ಆ ದಿನ ಆಡಿದ ಹಾಗೆ ಎಂದೂ ಆಡಿರಲಿಲ್ಲ. ನೆಲಕ್ಕೆ ಬಿತ್ತು ಎಂದುಕೊಂಡ ಚೆಂಡುಗಳೆಲ್ಲ ಅವಳ ಕೈಯಿಂದ ಮೇಲೇಳುತ್ತಿದ್ದವು. ಆಯ್ಕೆಗಾರರಲ್ಲಿ ಒಬ್ಬರು ಅವಳ ಕಡೆ ಬೆರಳು ಮಾಡಿ ಪಕ್ಕದವರಿಗೆ ಏನೋ ಹೇಳಿದ್ದನ್ನು ನಾನು ಕಣ್ಣಾರೆ ಕಂಡೆ.

ಆಗ ಆ ಕಡೆಯ ಹುಡುಗಿಯೊಬ್ಬಳು ಜಿಗಿದು ಹೊಡೆದಳು. ಚೆಂಡು ನಮ್ಮವರ ಕೈಗಳ ಮೇಲಿಂದ ದಾಟಿ ಹಿಂದಕ್ಕೆ ಹೋಯಿತು. ತಳಕಲ್ಲಿನ ಹುಡುಗಿ ಅದರ ನೇರಕ್ಕೇ ಇದ್ದಳು. ದೇವರೇ ಇದು ಹೊರಗೆ ಬೀಳಲಿ ಎಂದು ಬೇಡಿಕೊಂಡೆ. ಬೇಡಿಕೊಂಡದ್ದು ಮನಸ್ಸಿನಲ್ಲೇ ಉಳಿಯಬೇಕಿತ್ತು. ಬಾಯಿಂದ ‘ಬಿಡು’ ಎಂದು ಬಂತು. ಆ ಜನಜಂಗುಳಿಯಲ್ಲೂ ಅದು ಅಂಕಣದ ಆಚೆ ತುದಿಗೆ ಮುಟ್ಟುವಷ್ಟು ಜೋರಾಗಿ ಬಂತು.

ಹುಡುಗಿ ಕೈ ಹಿಂದೆಗೆದುಕೊಂಡಳು. ಲೈನ್ ರೆಫ್ರಿ ಬಾವುಟ ನೆಲಕ್ಕೆ ತೋರಿಸಿದ. ಚೆಂಡು ಒಳಗೆ ಬಿದ್ದಿತ್ತು.

ಗಂಗಾವತಿಯವರು ಅಂಕಣಕ್ಕೆ ನುಗ್ಗಿ ಕುಣಿದರು. ಜನ ಕರಗಿದ ಮೇಲೆ ನಾನು ಹೋಗಿ ಆ ಜಾಗ ನೋಡಿದೆ. ಸುಣ್ಣದ ಗೆರೆ ಒಂದು ಕಡೆ ಅಂಗೈಯಗಲ ಅಳಿಸಿಹೋಗಿತ್ತು. ಚೆಂಡು ಬಿದ್ದ ಗುರುತಲ್ಲ, ಕುಣಿದವರ ಚಪ್ಪಲಿಯಿಂದ ಅಳಿದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ, ನಂಬಲಿಲ್ಲ.

ಹಿಂತಿರುಗುವಾಗ ಕ್ರೂಸರಿನಲ್ಲಿ ಯಾರೂ ಹಾಡಲಿಲ್ಲ. ಬೂದಗುಂಪಾ ದಾಟಿದ ಮೇಲೆ ಮುಂದೆ ಕೂತಿದ್ದ ಮಾಸ್ತರರು ತಿರುಗದೆಯೇ ಕೇಳಿದರು.

"ಅದನ್ನ ಯಾಕ ಬಿಟ್ಟಿ?"

ಯಾರನ್ನು ಕೇಳಿದರು ಎಂದು ಎಲ್ಲರಿಗೂ ತಿಳಿಯಿತು. ನಾನು ಅವಳ ಹಿಂದಿನ ಸೀಟಿನಲ್ಲಿದ್ದೆ. ಅವಳ ಜಡೆ, ಕಿವಿಯ ಹಿಂದೆ ಮೆತ್ತಿದ್ದ ಮಣ್ಣು ನನ್ನ ಕಣ್ಣೆದುರಿಗೇ ಇತ್ತು. ಈಗ ‘ಅಕ್ಕಾರು ಬಿಡು ಅಂದ್ರು’ ಅನ್ನುತ್ತಾಳೆ ಎಂದುಕೊಂಡೆ.

"ನಂಗ ಔಟ್ ಅನಿಸ್ತ್ರಿ ಸರ್," ಅಂದಳು.

"ಮೂರು ವರ್ಷ ಆಡಿ ಗೆರಿ ತಿಳೀಲಿಲ್ಲನು ನಿನಗ?"

"ತಪ್ಪಾತ್ರಿ ಸರ್."

ಆಗ ನಾನು ಒಂದು ಮಾತು ಆಡಬೇಕಿತ್ತು. ನನ್ನ ದನಿ ಎಂಥದು ಎಂದು ಇಷ್ಟು ಹೊತ್ತು ಹೊಗಳಿಕೊಂಡೆನಲ್ಲ, ಅದು ಆ ಹೊತ್ತಿಗೆ ಎಲ್ಲಿ ಅಡಗಿತ್ತೋ. ಮಾಸ್ತರರಿಗೆ ನಾನು ಒದರಿದ್ದು ಕೇಳಿಸಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಪಕ್ಕದ ಹುಡುಗಿಯೊಬ್ಬಳು ಬಿಕ್ಕಿ ಅತ್ತಳು, ನಾನು ಅವಳ ಬೆನ್ನು ಸವರಿದೆ. ಅಳಬೇಕಾದವಳು ಅಳಲಿಲ್ಲ. ತಳಕಲ್ ಕ್ರಾಸಿನಲ್ಲಿ ಇಳಿದು, "ಬರ್ತೀನ್ರಿ ಅಕ್ಕಾರ," ಎಂದು ಎಂದಿನಂತೆಯೇ ಹೇಳಿ ಹೋದಳು.

ಮಾರನೆಯ ದಿನ ನಾನು ಮಾಡಿದ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಡಿಪೋದಲ್ಲಿ ಕೇಳಿಕೊಂಡು ಕುಷ್ಟಗಿ ಮಾರ್ಗಕ್ಕೆ ಹಾಕಿಸಿಕೊಂಡೆ. ಸೊಂಟ ನೋವು, ಆ ರಸ್ತೆ ಛಲೋ ಐತಿ ಎಂದು ಸುಳ್ಳು ಹೇಳಿದೆ. ಬೆಳಗಿನ ಬಸ್ಸಿನಲ್ಲಿ ಆ ಹುಡುಗಿ ಆಧಾರ್ ಕಾರ್ಡು ಹಿಡಿದು ನನ್ನ ಮುಖ ನೋಡುವುದು ನನಗೆ ಬೇಡವಾಗಿತ್ತು. ಸಂಜೆ ಮೈದಾನಕ್ಕೂ ಹೋಗಲಿಲ್ಲ. ಕುಷ್ಟಗಿ ನಿಲ್ದಾಣದಲ್ಲಿ ಹಳೆಯ ಗೆಳತಿಯರು ಸಿಕ್ಕಿ ಏನಾಯ್ತು ಆಟ ಎಂದರೆ, "ಏನ್ ಮಾಡೂದು, ಬಿಸಲು ಕಣ್ಣಿಗೆ ಹೊಡಿತು, ಹುಡುಗಿಗೆ ಚೆಂಡು ಕಾಣಲಿಲ್ಲ," ಎನ್ನುತ್ತಿದ್ದೆ. ನಿಜವಾಗಿ ಫೈನಲ್ ಮುಗಿಯುವಾಗ ಹೊತ್ತು ಇಳಿದಿತ್ತು. ಸೂರ್ಯ ಅವಳ ಬೆನ್ನ ಹಿಂದಿದ್ದ. ನಾನಂತೂ ಶಾಮಿಯಾನದ ನೆರಳಲ್ಲಿ ನಿಂತಿದ್ದೆ.

ಆಯ್ಕೆಯ ಪಟ್ಟಿ ಬಂತು. ಮಾಸ್ತರರು ತಂಡದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರು. ಗಂಗಾವತಿಯ ಐವರು, ನಮ್ಮವಳು ಒಬ್ಬಳು, ಎತ್ತರದ ಹೊಡೆತಗಾರ್ತಿ. ಗುಂಪಿನಲ್ಲಿ ಎಲ್ಲರೂ ಅವಳಿಗೆ ಅಭಿನಂದನೆ ಹಾಕಿದ್ದರು. ತಳಕಲ್ಲಿನ ಹುಡುಗಿಯೂ ಹಾಕಿದ್ದಳು. ಆ ದಿನ ಊಟ ಸೇರಲಿಲ್ಲ. ಗಂಡ ತಟ್ಟೆ ನೋಡಿ, "ಮುಗದು ಭಾಳ ದಿನ ಆತಲ್ಲ, ಇನ್ನೂ ಅದನ್ನ ಹಿಡಕೊಂಡು ಕುಂತಿಯೇನು? ಒಂದು ಆಟ ಅದು," ಎಂದ. ಅವನಿಗೂ ನಿಜ ಹೇಳಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಿಪೋದವರೇ ನನ್ನನ್ನು ಮತ್ತೆ ಕೊಪ್ಪಳ ಮಾರ್ಗಕ್ಕೆ ಹಾಕಿದರು. ಇನ್ನು ಅವಳು ಕಾಲೇಜಿಗೆ ಬರುವುದಿಲ್ಲ ಎಂಬ ಧೈರ್ಯದಿಂದ ಹೋದೆ. ಮೂರನೆಯ ದಿನ ತಳಕಲ್ಲಿನಲ್ಲಿ ಬಸ್ಸು ನಿಂತಾಗ ತಾಯಿ ಮಗಳು ಇಬ್ಬರೂ ಹತ್ತಿದರು. ತಾಯಿ ಮುಂದಿನ ಸೀಟಿನಲ್ಲಿ ಕೂತು ಕೆಮ್ಮತೊಡಗಿದಳು. ಮಗಳಿಗೆ ಹಿಂದೆ ಜಾಗ ಸಿಕ್ಕಿತು. ಕೈಯಲ್ಲಿ ಬುತ್ತಿ ಡಬ್ಬಿ, ಮೂಗಿಗೆ ಕಟ್ಟಿಕೊಳ್ಳಲು ಮಡಚಿಟ್ಟ ಅರಿವೆ. ಕಾರ್ಡು ತೆಗೆದು ಹಿಡಿದು, "ಭಾಗ್ಯನಗರ ಕ್ರಾಸ್ ರಿ ಅಕ್ಕಾರ," ಅಂದಳು.

ಟಿಕೆಟ್ ಕೊಟ್ಟೆ. ಮುಂದೆ ಹೋಗಬೇಕೆಂದು ಕಾಲು ಎತ್ತಿದೆ, ಆಗಲಿಲ್ಲ. ಪಕ್ಕದ ಸೀಟು ಖಾಲಿಯಿತ್ತು. ಕೂತೆ.

"ತಂಗಿ, ಆ ದಿನ ನಂಗ ಗೆರಿ ಕಾಣ್ತಿರಲಿಲ್ಲ," ಅಂದೆ. "ಕಣ್ಣು ತಪ್ಪಿದ್ದಲ್ಲ. ನಿಂತ ಜಾಗದಿಂದ ಕಾಣ್ತಾನ ಇರಲಿಲ್ಲ. ಸುಮ್ಮನ ಒದರಿದೆ."

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಬೈಯಲಿ ಎಂದು ಕಾದೆ. ಹೋಗ್ಲಿ ಬಿಡ್ರಿ ಎಂದರೂ ಸಾಕು ಎಂದು ಒಳಗೊಳಗೆ ಆಸೆ ಪಟ್ಟೆ.

"ನಂಗ ಕಾಣಿಸಿತ್ರಿ," ಅಂದಳು.

"ಏನು?"

"ಒಳಗ ಬೀಳ್ತೈತಿ ಅಂತ. ಅದಕ್ಕ ಕೈ ಕೂಡಿಸಿದ್ದೆ. ನೀವು ಬಿಡು ಅಂದ್ರಿ. ನಂದ ತಪ್ಪಿರಬೇಕು, ಅಕ್ಕಾರಿಗೆ ಸರಿ ಕಂಡಿರ್ತೈತಿ ಅಂತ ಬಿಟ್ಟೆ."

ಬಾನಾಪುರದಲ್ಲಿ ಜನ ಹತ್ತಿದರು. ಎದ್ದು ಟಿಕೆಟ್ ಹರಿದೆ, ಒಬ್ಬರಿಗೆ ತಪ್ಪು ಊರಿನದು ಕೊಟ್ಟು ಬೈಸಿಕೊಂಡೆ. ಮೂರು ವರ್ಷ ಸಂಜೆ ಸಂಜೆ ಆ ಮೂಲೆಯಲ್ಲಿ ನಿಂತು ಅವಳಿಗೆ ಆಟ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ತನ್ನ ಕಣ್ಣನ್ನು ನಂಬದೆ ಇರುವುದನ್ನು ಕಲಿಸಿದ್ದೆ. ಇದಕ್ಕಿಂತ ಆ ಕ್ರೂಸರಿನಲ್ಲಿ ಎಲ್ಲರೆದುರು ಅವಳು ನನ್ನ ಹೆಸರು ಹೇಳಿಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಭಾಗ್ಯನಗರ ಕ್ರಾಸಿನಲ್ಲಿ ತಾಯಿ ಮೊದಲು ಇಳಿದಳು. ಹುಡುಗಿ ಬಾಗಿಲ ಬಳಿ ಬಂದು, ಯಾರಿಗೂ ಕೇಳದಂತೆ, "ಹೊಸಾ ಹುಡುಗ್ಯಾರಿಗೆ ಒದರಬ್ಯಾಡ್ರಿ ಅಕ್ಕಾರ," ಅಂದಳು.

"ಇಲ್ಲವ್ವ, ಒದರೂದಿಲ್ಲ," ಅಂದೆ.

ಅವಳು ತಲೆಯಾಡಿಸಿ ಇಳಿದಳು. ತಾಯಿಯ ಕೈಯಿಂದ ಅವಳ ಬುತ್ತಿಯನ್ನೂ ತಾನೇ ತೆಗೆದುಕೊಂಡಳು. ಇಬ್ಬರೂ ರಸ್ತೆ ದಾಟಿ ಹೋದರು.